ಗುರುವಾರದ ಪಾಳಿ

ಹಾಡು ಚಲೋ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅವರು ನೋಡುತ್ತಿದ್ದದ್ದು ಒಂದೇ: ಅದಕ್ಕೆ ಎಮ್ಮೆ ನಿಲ್ಲುತ್ತದೆಯೇ? ಸೇಡಂನ ದನದ ದವಾಖಾನೆಯಲ್ಲಿ ಅವರು ಅಟೆಂಡರ್ ಆಗಿದ್ದರು. ಡಾಕ್ಟರು ಸೂಜಿ ಹಿಡಿದು ಬರುವ ಹೊತ್ತಿಗೆ ದನದ ಕೊರಳನ್ನು ತಬ್ಬಿ ಹಿಡಿದು, ಅದರ ಕಿವಿಯ ಹತ್ತಿರ ಬಾಯಿಟ್ಟು ಏನಾದರೊಂದು ಗುನುಗುತ್ತಿದ್ದರು. ಕೆಲವು ಹಾಡಿಗೆ ಎಮ್ಮೆ ಸುಮ್ಮನೆ ನಿಲ್ಲುತ್ತಿತ್ತಂತೆ, ಕೆಲವಕ್ಕೆ ಒದೆಯುತ್ತಿತ್ತಂತೆ. ಹೀಗಾಗಿ ನಾವು ಯಾರಾದರೂ ರೈಲಿನಲ್ಲಿ ನಮ್ಮ ಮೆಚ್ಚಿನ ಹಾಡನ್ನು ಕೇಳಿಸಿ, ಮುಖ ಅರಳಿಸಿಕೊಂಡು ಕೂತಾಗ, ಅವರು ಸ್ವಲ್ಪ ಯೋಚನೆ ಮಾಡಿ, "ಹಾಡು ಚಲೋ ಅದರಿ. ಆದ್ರ ಇದಕ್ಕ ಎಮ್ಮಿ ನಿಂದರಂಗಿಲ್ಲ," ಎಂದುಬಿಡುತ್ತಿದ್ದರು. ಅಲ್ಲಿಗೆ ನಮ್ಮ ಆ ದಿನದ ಜಂಬ ಇಳಿಯುತ್ತಿತ್ತು.

ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ಹೋದ ತಿಂಗಳು ನಮ್ಮ ಆಫೀಸಿನ ಒಂದು ಸಮಾರಂಭದಲ್ಲಿ ಯಾರೋ ನನ್ನನ್ನು "ಸಂಗೀತ ಬಲ್ಲವರು, ಒಳ್ಳೆಯ ಕಿವಿ ಇದ್ದವರು" ಎಂದು ಮೈಕಿನಲ್ಲಿ ಹೊಗಳಿದರು. ನನಗೆ ಅವರು ನೆನಪಾಗಿ ಕೂತಲ್ಲೇ ತಲೆ ತಗ್ಗಿಸಿದೆ. ಸುತ್ತ ಇದ್ದವರು ಅದನ್ನು ವಿನಯ ಎಂದುಕೊಂಡರು. ಅಂದೇ ಇದನ್ನು ಬರೆಯಬೇಕು ಅನ್ನಿಸಿತು. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಅವರ ಮರ್ಯಾದೆಗೆ ಏನೂ ಕುಂದಿಲ್ಲ. ನನ್ನಂಥವನ ಗೆಳೆಯ ಎಂದು ಅವರನ್ನು ನಾಲ್ಕು ಜನ ಗುರುತು ಹಿಡಿಯುವುದು ಬೇಡ, ಅಷ್ಟೇ.

ನಾವು ನಾಲ್ಕು ಜನ ಬೆಳಗಿನ ಪ್ಯಾಸೆಂಜರಿನಲ್ಲಿ ದಿನಾ ಸೇಡಂಗೆ ಹೋಗುತ್ತಿದ್ದೆವು. ನಾನು ಶಹಾಬಾದಿನಲ್ಲಿ ಹತ್ತುತ್ತಿದ್ದೆ, ಸೇಡಂನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ವಾಡಿಯಲ್ಲಿ ಇಬ್ಬರು ಹತ್ತುತ್ತಿದ್ದರು: ಸರಕಾರಿ ಆಸ್ಪತ್ರೆಯ ನರ್ಸ್ ಸುನಂದಾ, ಅವರನ್ನು ನಾವು ಅಕ್ಕಾರ ಎನ್ನುತ್ತಿದ್ದೆವು; ಮತ್ತು ಉರ್ದು ಶಾಲೆಯ ಖಾದರ್ ಮಾಸ್ತರು. ನಾಲ್ಕನೆಯವರೇ ನಾನು ಹೇಳುತ್ತಿರುವ ಇವರು, ಚಿತ್ತಾಪುರದಲ್ಲಿ ಹತ್ತುತ್ತಿದ್ದರು. ಊರು ದಂಡೋತಿ. ಅಲ್ಲಿಂದ ಟಂಟಂ ಆಟೋದಲ್ಲಿ ಸ್ಟೇಶನ್ನಿಗೆ ಬಂದು, ರೈಲು ಬರುವುದಕ್ಕಿಂತ ಅರ್ಧ ಗಂಟೆ ಮೊದಲೇ ನಮ್ಮ ಡಬ್ಬಿ ನಿಲ್ಲುವ ಜಾಗದಲ್ಲಿ ನಿಂತಿರುತ್ತಿದ್ದರು. ಹತ್ತಿದ ಮೇಲೆ ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂರುತ್ತಿದ್ದರು. ಮೈಯಿಂದ ಸಣ್ಣಗೆ ಫಿನಾಯಿಲ್ ವಾಸನೆ ಬರುತ್ತಿತ್ತು. ಎಷ್ಟು ಸಾಬೂನು ಹಚ್ಚಿದರೂ ಅದು ಹೋಗುವುದಿಲ್ಲ ಎಂದು ತಾವೇ ಹೇಳಿ ನಗುತ್ತಿದ್ದರು.

ಹಾಡಿನ ಕಟ್ಟಳೆ ಹುಟ್ಟಿದ್ದು ಅಕ್ಕಾರ ಮತ್ತು ಮಾಸ್ತರರ ಜಗಳದಿಂದ. ಅಕ್ಕಾರಿಗೆ ಹಳೆಯ ಹಿಂದಿ ಸಿನೆಮಾ ಹಾಡು ಬಿಟ್ಟರೆ ಲೋಕದಲ್ಲಿ ಹಾಡೇ ಇಲ್ಲ. ಮಾಸ್ತರರಿಗೆ ಕವ್ವಾಲಿ. ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಒಟ್ಟಿಗೇ ಹಾಡು ಹಚ್ಚಿ, ಯಾರದೂ ಯಾರಿಗೂ ಕೇಳದಂತೆ ಮಾಡುತ್ತಿದ್ದರು. ಕೊನೆಗೆ ನಾನು ಪಂಚಾಯಿತಿ ಮಾಡಿ ಪಾಳಿ ಹಾಕಿದೆ. ಸೋಮವಾರ ನನ್ನದು, ಮಂಗಳವಾರ ಅಕ್ಕಾರದು, ಬುಧವಾರ ಮಾಸ್ತರರದು, ಗುರುವಾರ ಇವರದು. ಚಿತ್ತಾಪುರ ಬಿಟ್ಟ ಮೇಲೆ ಹಾಡು. ಆಗ ಯಾರೂ ಮಾತಾಡುವ ಹಾಗಿಲ್ಲ. ಮಳಖೇಡ ದಾಟಿದ ಮೇಲೆ ಚರ್ಚೆ. ಶುಕ್ರವಾರ ಹಾಡಿಲ್ಲ, ವಾರದ ನಾಲ್ಕು ಹಾಡುಗಳಲ್ಲಿ ಯಾವುದು ಮೇಲು ಎಂದು ಬರೀ ವಾದ. ಫೋನಿನ ದನಿ ರೈಲಿನ ಸದ್ದಿಗೆ ಸಾಲದೆಂದು ನಾನೇ ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆ ತಂದೆ. ಅದು ನನ್ನ ಕೈಯಲ್ಲೇ ಇರುತ್ತಿತ್ತು.

ಎರಡು ವರ್ಷ ಹಾರ್ಮೋನಿಯಂ ಕಲಿತವನು ನಾನು. ರಾಗಕ್ಕೆ ಹಾಕಿದ ವಚನಗಳನ್ನೇ ನನ್ನ ಪಾಳಿಗೆ ತರುತ್ತಿದ್ದೆ. ಹಾಡು ಮುಗಿದ ಮೇಲೆ ರಾಗದ ಹೆಸರು, ಗಾಯಕರು ಎಲ್ಲಿ ಸ್ವರ ಹಿಡಿದರು, ಎಲ್ಲಿ ಬಿಟ್ಟರು ಎಂದೆಲ್ಲ ಹೇಳಿ ಮೂವರ ತಲೆ ತಿನ್ನುತ್ತಿದ್ದೆ. ಒಮ್ಮೆ ಆಲಾಪ ಭಾಳ ಉದ್ದವಾಯಿತು. ವಚನದ ಮೊದಲ ಮಾತು ಬರುವ ಹೊತ್ತಿಗೆ ಮಳಖೇಡದ ಸಿಗ್ನಲ್ಲೇ ಕಂಡಿತು. ಇವರು ಕಣ್ಣು ತೆರೆದು ನಿಧಾನವಾಗಿ ಹೇಳಿದರು, "ಸರ್, ಹಾಡಾವ್ರು ದೊಡ್ಡವ್ರೇ ಇರಬೇಕ್ರಿ. ಖರೇ ಅರ್ಥ ಬರೂದ್ರಾಗ ನಮ್ಮ ಎಮ್ಮಿ ಈಯ್ತದ." ಅಕ್ಕಾರ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬಂತು. ತೋರಿಸಿಕೊಳ್ಳಲಿಲ್ಲ.

ಆದರೆ ಮುಂದಿನ ವಾರ ಅವರು ಅದೇ ವಚನವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಯಾರನ್ನೋ ಕೇಳಿ ಅರ್ಥವನ್ನೂ ತಿಳಿದುಕೊಂಡಿದ್ದರು. "ಆಲಾಪ ತಗದು ಹಾಡಿದೆ ಸರ್. ಒಂದು ಹೋರಿ ಗಪ್ಪನ ನಿಂತಿತ್ತು," ಎಂದರು. ಅಕ್ಕಾರ ಕೇಳಿಸಿದ ಸಿನೆಮಾ ಹಾಡುಗಳನ್ನೂ ಇವರು ದನದ ದವಾಖಾನೆಯಲ್ಲಿ ಪರೀಕ್ಷೆ ಮಾಡುತ್ತಿದ್ದರು. "ಅಕ್ಕಾರ, ನಿಮ್ಮ ನಿನ್ನಿನ ಹಾಡಿಗಿ ಒಂದು ಆಕಳ ಹಾಲೇ ಬಿಟ್ಟಿತ್ರಿ," ಎಂದು ವರದಿ ಕೊಡುತ್ತಿದ್ದರು. ಕವ್ವಾಲಿಯ ಬಗ್ಗೆ ಅವರ ತೀರ್ಪು ಎಂದೂ ಬದಲಾಗಲಿಲ್ಲ: "ಮಾಸ್ತರ, ಹಾಡು ಬೇಷ್ ಅದ. ಚಪ್ಪಾಳಿ ಒಂದು ಬಿಟ್ಟರ ದನಾ ಬೆದರಂಗಿಲ್ಲ." ಮಾಸ್ತರರು ಚಪ್ಪಾಳೆ ಇಲ್ಲದ ಕವ್ವಾಲಿ ಹುಡುಕಿ ಹುಡುಕಿ ಸೋತರು. ಹೀಗೆ ನಮ್ಮ ಮೂವರ ಹಾಡುಗಳೂ ಅವರ ಬಾಯಲ್ಲಿ ಸೇಡಂನ ದನಗಳ ಕಿವಿಗೆ ಬಿದ್ದವು. ಅವರು ಹಾಡು ಕೇಳುವಾಗ ಬಲಗೈಯನ್ನು ಸೀಟಿನ ಅಂಚಿಗೆ ಒತ್ತಿ ಇಟ್ಟಿರುತ್ತಿದ್ದರು, ಬೆರಳು ಕೂಡ ಅಲುಗಿಸುತ್ತಿರಲಿಲ್ಲ. ಹಾಗೆ ಕೇಳುವವರನ್ನು ನಾನು ಸಂಗೀತದ ಸಭೆಗಳಲ್ಲೂ ನೋಡಿಲ್ಲ.

ಇನ್ನು ಗುರುವಾರದ ಮಾತು. ಅದಕ್ಕೇ ಇಷ್ಟು ಹೊತ್ತು ಎಮ್ಮೆ, ಹೋರಿ ಎಂದು ಸುತ್ತು ಹೊಡೆದೆ.

ಅವರ ಹಾಡುಗಳು ಪೇಟೆಯಲ್ಲಿ ಸಿಗುವಂಥವಲ್ಲ. ಅವರ ಓಣಿಯ ಬುದ್ಧ ವಿಹಾರದಲ್ಲಿ ಹೆಣ್ಣುಮಕ್ಕಳು ಹಾಡುವಂಥವು. ಬುದ್ಧನ ಮೇಲೆ, ಅಕ್ಷರದ ಮೇಲೆ, ನೀಲಿ ನಿಶಾನೆಯ ಮೇಲೆ. ಅವರೇ ತಮ್ಮ ಒಡಕು ಫೋನಿನಲ್ಲಿ ತುಂಬಿಕೊಂಡು ತರುತ್ತಿದ್ದರು. ಹಾಡಿನ ನಡುವೆ ಯಾರೋ ಕೆಮ್ಮುತ್ತಿದ್ದರು, ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು. ಮೊದಲ ಗುರುವಾರ ಪೆಟ್ಟಿಗೆಯನ್ನು ನಾನು ಎಂದಿನಂತೆ ಪೂರ್ತಿ ದನಿಯಲ್ಲಿ ಇಟ್ಟಿದ್ದೆ. ಡಬ್ಬಿಯಲ್ಲಿ ಶಹಾಬಾದಿನ ನಮ್ಮ ಓಣಿಯ ವ್ಯಾಪಾರಿಯೊಬ್ಬರು ಇದ್ದರು. ನಮ್ಮ ಬಳಗದವರೇ. ಹಾಡು ಕೇಳಿ ತಿರುಗಿ ನೋಡಿದರು, ಎದ್ದು ನಮ್ಮ ಸೀಟಿನ ಹತ್ತಿರ ಬಂದರು.

"ಏನ್ರಿ, ನೀವೂ ಇಂಥಾವು ಕೇಳಾಕತ್ತೀರೇನು?" ಎಂದರು.

"ಇಲ್ರಿ, ನಂದಲ್ಲ. ಇವತ್ತು ಅವರ ಪಾಳಿ," ಎಂದು ನಾನು ಬೆರಳು ಮಾಡಿ ತೋರಿಸಿದೆ. ತೋರಿಸುತ್ತಲೇ ಇನ್ನೊಂದು ಕೈಯಿಂದ ಪೆಟ್ಟಿಗೆಯ ದನಿ ಇಳಿಸಿದೆ.

ಹಾಡುವಾಗ ಮಾತಾಡಬಾರದೆಂಬ ಕಟ್ಟಳೆ ಮಾಡಿದವನು ನಾನೇ, ಮುರಿದವನೂ ನಾನೇ. ಅವರು ಕಣ್ಣು ಮುಚ್ಚಿ ಕೂತಿದ್ದರು. ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಗೇಣು ದೂರದಲ್ಲಿ ಕೂತ ಮನುಷ್ಯನಿಗೆ, ಅದೂ ಅಂಥ ಕಿವಿ ಇರುವವನಿಗೆ ಕೇಳಿಸದೆ ಇರುತ್ತದೆಯೇ?

ಆಮೇಲೆ ಪ್ರತಿ ಗುರುವಾರ ನನ್ನ ಬೆರಳು ತಾನಾಗಿಯೇ ದನಿ ಇಳಿಸುವ ಗುಂಡಿಯ ಮೇಲೆ ಹೋಗುತ್ತಿತ್ತು. ಒಂದು ಸಲ ಒತ್ತಿ ಬಿಡುತ್ತಿದ್ದೆ. ನಾಲ್ಕು ಮಂದಿ ತಿರುಗಿ ನೋಡಿದರೆ ಇನ್ನೊಂದು ಸಲ. ಹಾಡು ರೈಲಿನ ಗದ್ದಲದಲ್ಲಿ ಮುಳುಗಿ, ದೂರದಲ್ಲಿ ಯಾರೋ ಹಾಡುತ್ತಿದ್ದಾರೆ ಎಂಬಷ್ಟು ಮಾತ್ರ ಉಳಿಯುತ್ತಿತ್ತು. ಮಳಖೇಡ ದಾಟಿದ ಮೇಲೆ ನಾನು "ಚಲೋ ಅದ, ಚಲೋ ಅದ" ಎಂದು, ಮರುಮಾತಿಗೆ ವರ್ಗಾವಣೆಯ ಸುದ್ದಿಯನ್ನೋ ಸಂಬಳದ ಸುದ್ದಿಯನ್ನೋ ಎತ್ತುತ್ತಿದ್ದೆ. ಶುಕ್ರವಾರದ ವಾದದಲ್ಲಿ ಅವರ ಹಾಡು ಐದು ವರ್ಷದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಗೆಲ್ಲುವುದಿರಲಿ, ಸೋಲಲೂ ಇಲ್ಲ, ಯಾಕೆಂದರೆ ಅದರ ಮಾತೇ ಬರುತ್ತಿರಲಿಲ್ಲ.

ಅಕ್ಕಾರ ಮಾತ್ರ ಒಂದು ಗುರುವಾರ ನೇರ ಕೇಳಿಯೇಬಿಟ್ಟರು. "ಅಲ್ರಿ, ನಿಮ್ಮ ಪೆಟ್ಟಿಗಿ ನಿನ್ನಿ ತನಕ ಗಂಟಲ ಹರಕೊಂಡು ಒದರತಿತ್ತು. ಗುರುವಾರ ಬಂದ ಕೂಡ್ಲೇ ಅದಕ್ಕೇನ್ ಜ್ವರಾ ಬರ್ತದೇನು?"

"ಚಾರ್ಜ್ ಕಮ್ಮಿ ಅದರಿ," ಎಂದೆ. ನಾಲಿಗೆಗೆ ತಕ್ಷಣ ಸಿಕ್ಕ ಸುಳ್ಳು.

"ಹೌದ್ರಿ ಅಕ್ಕಾರ," ಎಂದು ಅವರೇ ನಡುವೆ ಬಂದರು. "ಮೂರು ದಿನಾ ದುಡದಿರ್ತದಲ್ಲ, ಇಳೀತದ. ನಮ್ಮ ಹೆಣ್ಮಕ್ಕಳ ಗಂಟಲ ಹೆಂಗೂ ದೊಡ್ಡದು. ಆವಾಜ್ ಸಣ್ಣದೇ ಇರ್ಲಿ, ನಡೀತದ."

ಅಂದಿನಿಂದ ಅವರೇ ಫೋನು ಕೊಡುವಾಗ "ಸಣ್ಣಗ ಇಡ್ರಿ ಸರ್" ಎನ್ನತೊಡಗಿದರು. ನನ್ನ ಕೆಲಸ ಹಗುರಾಯಿತು. ಆಗ ನನಗೆ ಆದದ್ದು ಸಮಾಧಾನ, ನಾಚಿಕೆ ಅಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಇರಲಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಕುಲ ಕೇಳಬೇಡಿ ಎನ್ನುವ ವಚನಗಳನ್ನು ರಾಗ ಹಾಕಿ ಹಾಡಿಕೊಂಡು ಸ್ಟೇಶನ್ನಿಗೆ ಬರುತ್ತಿದ್ದವನು ನಾನು. ಸೋಮವಾರ ಅದೇ ವಚನವನ್ನು ಪೂರ್ತಿ ದನಿಯಲ್ಲಿ ಇಡೀ ಡಬ್ಬಿಗೆ ಕೇಳಿಸಿ, ಗುರುವಾರ ಗುಂಡಿ ಒತ್ತುತ್ತಿದ್ದವನೂ ನಾನೇ. ಎರಡಕ್ಕೂ ಸಂಬಂಧ ಇದೆ ಎಂದು ಐದು ವರ್ಷ ನನಗೆ ಹೊಳೆಯಲಿಲ್ಲ.

ಅವರ ಕೊನೆಯ ವಾರದ ಗುರುವಾರ, ಇವತ್ತಾದರೂ ಪೂರ್ತಿ ದನಿಯಲ್ಲಿ ಕೇಳಿಸಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವರು ಚಪ್ಪಲಿ ಬಿಟ್ಟು ಕೂತು, "ಇವತ್ತಿನ ನನ್ನ ಪಾಳಿ ಅಕ್ಕಾರಿಗೆ ಕೊಟ್ಟೀನ್ರಿ. ಆ ಆಕಳ ಹಾಲು ಬಿಟ್ಟ ಹಾಡು ಹಚ್ಚಸ್ರಿ, ಇನ್ನೊಂದ್ಸಲ ಕೇಳೂಣು," ಎಂದರು. "ಇಲ್ಲ, ನಿಮ್ಮದೇ ಆಗಬೇಕು" ಎಂದು ಒತ್ತಾಯ ಮಾಡದೆ ಅಕ್ಕಾರ ಕೈಯಿಂದ ಫೋನು ತೆಗೆದುಕೊಂಡೆ. ಸಿನೆಮಾ ಹಾಡು ಪೂರ್ತಿ ದನಿಯಲ್ಲಿ ಮೊಳಗಿತು. ಸೇಡಂನಲ್ಲಿ ಇಳಿಯುವಾಗ ಮೂವರನ್ನೂ ಕರೆದರು. "ಒಂದಿನ ಮನಿಗಿ ಉಣ್ಣಾಕ ಬರ್ರಿ. ನಮ್ಮಕಿ ನಿಮ್ಮನ್ನ ನೋಡಬೇಕು ಅಂತಾಳ."

ಹೋಗಲು ನಾಲ್ಕು ತಿಂಗಳು ಬೇಕಾಯಿತು. ಅಕ್ಕಾರಿಗೆ ಡ್ಯೂಟಿ, ಮಾಸ್ತರರ ಮನೆಯಲ್ಲಿ ಮದುವೆ. ಒಂದು ರವಿವಾರ ಮಧ್ಯಾಹ್ನ ನಾನೊಬ್ಬನೇ ದಂಡೋತಿಗೆ ಹೋದೆ. ಕಾಗಿಣಾ ಹೊಳೆಯ ಹತ್ತಿರ ಟಂಟಂ ಇಳಿದಾಗ ಅವರು ಅಲ್ಲೇ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಮನೆಯಲ್ಲಿ ಅವರ ಹೆಂಡತಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಹೊಟ್ಟೆ ತುಂಬ ಉಂಡೆ. ಉಣ್ಣುತ್ತ, ನಾನು ಇಲ್ಲಿ ಕೂತು ಉಣ್ಣುತ್ತಿದ್ದೇನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಲೂ ಇದ್ದೆ. ಅವರು ನನ್ನೆದುರು ಕೂತು ಉಂಡರು. ಅವರ ತಲೆಯಲ್ಲಿ ಅಂಥದ್ದೇನೂ ಇದ್ದಂತೆ ಕಾಣಲಿಲ್ಲ.

ಕೈ ತೊಳೆದು ಕೂತ ಮೇಲೆ ಅವರ ಹೆಂಡತಿ ಬಾಗಿಲ ಹತ್ತಿರ ಕೂತು ಮಾತು ತೆಗೆದರು. ದೊಡ್ಡ ದನಿಯ, ನಗೆಮುಖದ ಹೆಂಗಸು.

"ಬುಧವಾರ ಬಂತಂದ್ರ ನಮ್ಮನಿಯಾಗ ಭಾಳ ಗದ್ಲರಿ ಸರ್. ಕೆಲಸದಿಂದ ಬಂದವರೇ ಫೋನ್ ಹಿಡಕೊಂಡು ನನ್ನ ಮುಂದ ಕುಂದರತಿದ್ರು. ಹಾಡು ಅನ್ನೋರು. ನಡುವ ಒಂದು ಭಾಂಡಿ ಬಿದ್ರ ಮತ್ತ ಮೊದಲಿಂದ ಹಾಡಬೇಕು. ಓಣಿ ಹೆಣ್ಮಕ್ಕಳ್ನ ಎಲ್ಲಾ ಕರದು ಕುಂದರ್ಸೋರು. 'ಸರ್ ಹಾರ್ಮೋನಿಯಂ ಪೇಟಿ ಕಲ್ತವರು, ಸುರ್ ತಪ್ಪಿದ್ರ ಅವರಿಗಿ ತಿಳೀತದ' ಅಂತ ಅಂಜಸ್ತಿದ್ರು. ನಾ ನಾಲ್ಕನೇ ಇಯತ್ತೆ ತನಕ ಸಾಲಿ ಓದಿದಾಕಿ. ನನ್ನ ಹಾಡು ನೀವೆಲ್ಲಾ ರೈಲಿನಾಗ ಕುಂತು ಕೇಳ್ತೀರಿ ಅಂದ್ರ ನನಗ ನಿದ್ದಿನೇ ಬರ್ತಿರಲಿಲ್ಲ."

ಗುರುವಾರದ ಹಾಡುಗಳಲ್ಲಿ ಮುಂದಾಗಿ ಹಾಡುತ್ತಿದ್ದ ದನಿ ಅವರ ಹೆಂಡತಿಯದು ಎಂಬುದು ನನಗೆ ಗೊತ್ತಾದದ್ದು ಆಗ. ಐದು ವರ್ಷ ಅವರು ತಮ್ಮ ಹೆಂಡತಿಯ ದನಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ಯಾರು ಹಾಡಿದ್ದು ಎಂದು ನಾನು ಒಂದು ಮಾತು ಕೇಳಿರಲಿಲ್ಲ. ನನ್ನ ಪಾಳಿಯ ಗಾಯಕರ ಗುರುವಿನ ಗುರು ಯಾರೆಂದು ಹೇಳಿ ಅವರ ತಲೆ ತಿಂದವನು, ಅವರ ಹಾಡಿಗೆ ಬಂದಾಗ ಹಾಡಿದವರ ಹೆಸರು ಕೂಡ ಕೇಳಲಿಲ್ಲ.

"ಗುರುವಾರ ಸಂಜಿಕಿ ಇವರು ಬರೂದೇ ತಡ, ಏನಂದ್ರು ಅಂತ ನಾ ಕೇಳಾಕಿ," ಎಂದರು ಆಕೆ. "ಸರ್ ಭಾಳ ತಾರೀಫ್ ಮಾಡಿದ್ರು ಅನ್ನೋರು. ಈಗ ನೀವೇ ಬಂದೀರಿ. ನೀವೇ ಹೇಳ್ರಿ ಸರ್, ನನ್ನ ಹಾಡಿನಾಗ ನಿಮಗ ಯಾವುದು ಭಾಳ ಪಸಂದ್ ಬಂತು?"

ನನಗೆ ಒಂದೂ ಗೊತ್ತಿರಲಿಲ್ಲ. ಒಂದು ಸಾಲು, ಒಂದು ಪದ, ಒಂದು ಧಾಟಿ, ಏನೂ. ತಲೆಯೊಳಗೆ ಹುಡುಕಿದರೆ ರೈಲಿನ ಸದ್ದು ಬಿಟ್ಟು ಬೇರೆ ಸಿಗಲಿಲ್ಲ. "ಎಲ್ಲಾನೂ ಚಲೋ ಇದ್ವು ರೀ," ಎಂದೆ. ಆಕೆ ಬಿಡಲಿಲ್ಲ. "ಹಂಗಂದ್ರ ನಡಿಯಂಗಿಲ್ಲ, ಒಂದು ಹೇಳ್ರಿ," ಎಂದು ಮುಂದಕ್ಕೆ ಸರಿದು ಕೂತರು. ನಾನು ನೆಲ ನೋಡಿದೆ. ಆಗ ಅವರು, ನನ್ನ ಕಡೆ ನೋಡದೆ, ಹೆಂಡತಿಗೆ ಹೇಳಿದರು:

"ಸರ್‌ಗ ಆ ಅಂಗಳದ ಹಾಡು. ಹೇಳಿದ್ನಲ್ಲ ನಿನಗ? ಎರಡೆರಡು ಸಲ ಹಚ್ಚಸಿ ಕೇಳ್ಯಾರ."

"ಹೌದೇನ್ರಿ ಸರ್?"

"ಹೌದ್ರಿ," ಎಂದೆ. ಅವರು ಕೊಟ್ಟ ಸುಳ್ಳನ್ನು ಕೈ ಚಾಚಿ ತೆಗೆದುಕೊಂಡೆ.

ಆಕೆ ಸೆರಗು ಸರಿಮಾಡಿಕೊಂಡು ಅಲ್ಲೇ ಹಾಡಲು ಸುರು ಮಾಡಿದರು. ಎಂಥ ದನಿ ಅದು. ಬಯಲಿನಲ್ಲಿ ಹಾಡಿ ರೂಢಿಯಾದ, ಎಲ್ಲೂ ಅಳುಕದ ದನಿ. ಸಣ್ಣ ಮನೆ ತುಂಬಿ ಓಣಿಗೂ ಹೋಯಿತು.

ಅಕ್ಷರದ ಮನಿ ಅಂಗಳ ಕಸ ಹೊಡದ ನಿಂತೇನ
ಒಳಗ ಕರಿ ನನ್ನ ತಮ್ಮ

ನಾನು ಅದನ್ನು ಮೊದಲ ಸಲ ಕೇಳುತ್ತಿದ್ದೆ. ಗೊತ್ತಿದ್ದ ಹಾಡೇ ಎಂಬಂತೆ ತಲೆಯಾಡಿಸುತ್ತ ಕೂತೆ. ತಾಳ ಹಾಕಿದೆ. ಪಲ್ಲವಿ ಬಂದಾಗ ತುಟಿಯನ್ನೂ ಅಲುಗಿಸಿದೆ. ಹಾಡು ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು. ಐದು ವರ್ಷ ಇದು ನನ್ನ ಕೈಯಲ್ಲೇ ಇತ್ತಲ್ಲ. ಮೂರನೆಯ ನುಡಿ ಮುಗಿದು ಆಕೆ ಉಸಿರು ತೆಗೆದುಕೊಳ್ಳಲು ನಿಂತರು. ಹಾಡು ಮುಗಿಯಿತು ಎಂದುಕೊಂಡು ನಾನು "ವಾಹ್, ಭಾಳ ಚಂದ" ಎಂದು ಚಪ್ಪಾಳೆ ತಟ್ಟಿಬಿಟ್ಟೆ.

ಹಾಡು ಮುಗಿದಿರಲಿಲ್ಲ. ಇನ್ನೂ ಒಂದು ನುಡಿ ಇತ್ತು.

ಎರಡೆರಡು ಸಲ ಕೇಳಿದವನಿಗೆ ಅದು ಗೊತ್ತಿರಬೇಕಿತ್ತು. ಆಕೆ ನನ್ನನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಅವರು ಗೋಡೆಗೆ ಒರಗಿ, ಬಲಗೈಯನ್ನು ಚಾಪೆಗೆ ಒತ್ತಿ ಕೂತಿದ್ದರು. ಹೆಂಡತಿಯ ಕಡೆಗೂ ತಿರುಗಲಿಲ್ಲ, ನನ್ನ ಕಡೆಗೂ ತಿರುಗಲಿಲ್ಲ. ನಾನಾದರೂ ಹೇಳಬಹುದಿತ್ತು. ತಪ್ಪಾಯಿತು, ನಾನು ಕೇಳಿಲ್ಲ ಎಂದು ಎರಡು ಮಾತು ಸಾಕಿತ್ತು. ತಟ್ಟಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಆಕೆ ಉಳಿದ ನುಡಿಯನ್ನು ಎತ್ತಿಕೊಂಡರು, ಅರ್ಧಕ್ಕೆ ಬಿಡಲಿಲ್ಲ.

ಕರದರೂ ಬಂದೇನ, ಕರಿಯದಿದ್ರೂ ಬಂದೇನ
ಹೊಸ್ತಿಲ ನಂದೂ ಅದ ತಮ್ಮ

ಆದರೆ ದನಿಯನ್ನು ಪೂರ್ತಿ ತಗ್ಗಿಸಿ, ಪಕ್ಕದ ಮನೆಗೂ ಕೇಳದ ಹಾಗೆ ಹಾಡಿದರು.